ಅದು ಸಿ9 ಅಲ್ಲ, ಸಿ ಆಡ್9
ಭಾನುವಾರ ಮಹಾರಾಜ ಪಾರ್ಕ್‌ಗೆ ಗಿಟಾರ್ ತರುವ ಹಾಸನದ ಗೆಳೆಯರೇ, ಕೆಳಗಿನ ಕಾರ್ಡ್‌ಗೆ (chord, ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕಾರ್ಡ್ ಶೀಟ್‌ನಲ್ಲಿ ಸುಮ್ನೆ ಸಿ9 ಅಂತ ಬರೆಯಬೇಡಿ. ಅದರ ಹಿಡಿತ ಹೀಗೆ: ಐದನೇ ತಂತಿ 3ನೇ ಫ್ರೆಟ್ (ಗಿಟಾರ್ ಕುತ್ತಿಗೆಯ ಮೇಲಿನ ಅಡ್ಡಪಟ್ಟಿ), ನಾಲ್ಕನೆಯದು 2, ಮೂರನೆಯದು ಓಪನ್ (ಬೆರಳಿನಿಂದ ಒತ್ತದೆ), ಎರಡನೆಯದು 3, ಮೊದಲನೆಯದು ಓಪನ್. ಇದರಲ್ಲಿ ಬರುವ ಸ್ವರಗಳು ಸಿ, ಇ, ಜಿ, ಡಿ ಅಷ್ಟೇ, ಹಾಗಾಗಿ ಇದು ಸಿ ಆಡ್9. ಬರೀ ಸಿ9 ಅಂದರೆ ಬಿ ಫ್ಲಾಟ್ ಕೂಡ ಇರಬೇಕು. ಕರ್ನಾಟಕ ಸಂಗೀತ ಕಲಿತವರಿಗೆ ಹೇಳೋದಾದರೆ, ಸಿ ಷಡ್ಜವಾದಾಗ ಅದು ಕೈಶಿಕಿ ನಿಷಾದ. ಅದು ಸೇರಿದರೆ ಬಣ್ಣವೇ ಬದಲಾಗುತ್ತದೆ, ಕಿವಿಗೆ ತಕ್ಷಣ ಗೊತ್ತಾಗುತ್ತೆ ಅಲ್ವಾ? ಇ ಇಲ್ಲದೆ ಸಿ, ಡಿ, ಜಿ ಮಾತ್ರ ಇದ್ದರೆ ಸಿ ಸಸ್2.

ಅನುಮಾನ ಬಂದರೆ ಒಂದೊಂದೇ ತಂತಿ ಮೀಟಿ ಸ್ವರ ಬರೆದುಕೊಳ್ಳಿ, ಬೇಸ್ (ಅತಿ ತಗ್ಗಿನ ಸ್ವರ) ಯಾವುದು ಅಂತಲೂ ನೋಡಿ: ಸಿ, ಇ, ಜಿ, ಎ ನಾಲ್ಕೂ ಇದ್ದು ಬೇಸ್‌ನಲ್ಲಿ ಎ ಇದ್ದರೆ ಎ ಮೈನರ್7, ಸಿ ಇದ್ದರೆ ಸಾಮಾನ್ಯವಾಗಿ ಸಿ6.