ಬೆಳಗಾದರೆ ಗಪ್ಪಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು

ನಮ್ಮನೆಯ 30 ಲೀಟರ್ ಮೀನಿನ ಟ್ಯಾಂಕಿನಲ್ಲಿ ಹೈಡ್ರಿಲ್ಲಾ ಎಂಬ ನೀರಗಿಡ ಸೊಂಪಾಗಿತ್ತು. ಆದರೂ ಬೆಳಗಿನ ಜಾವ ಗಪ್ಪಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮಧ್ಯಾಹ್ನ ಏನೂ ಆಗಿಲ್ಲವೆಂಬಂತೆ ಓಡಾಟ. ಅಂಗಡಿಯವರು ಇನ್ನಷ್ಟು ಗಿಡ ಹಾಕಿ ಅಂದರು.

ಸುಳಿವಿದ್ದದ್ದು ಹೊತ್ತಿನಲ್ಲೇ. ಗಿಡ ಆಮ್ಲಜನಕ ಬಿಡುವುದು ಬೆಳಕಿದ್ದಾಗ ಮಾತ್ರ. ಕತ್ತಲಾದರೆ ಅದೂ ಮೀನಿನ ಪಾಲಿನಲ್ಲೇ ಉಸಿರಾಡುತ್ತದೆ. ಹಾಗಾಗಿ ನಸುಕಿನಲ್ಲಿ ಕೊರತೆ ಹೆಚ್ಚು. ಬೇಸಿಗೆ ಬೇರೆ: 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೆ.

ನೀರಿನ ಮೇಲೆ ಚಾಪೆಯಂತೆ ಹರಡಿದ್ದ ಡಕ್‌ವೀಡ್ ಎಂಬ ತೇಲುವ ಪುಟ್ಟ ಗಿಡಗಳನ್ನು ಮುಕ್ಕಾಲು ಭಾಗ ತೆಗೆದೆ. ನೀರಿಗೆ ಗಾಳಿ ತಾಗದಂತೆ ಮಾಡಿದ್ದೇ ಅದು. ಬುಡದಲ್ಲಿ ಕೊಳೆತು ಲೋಳೆಯಾಗಿದ್ದ ಎಲೆಗಳನ್ನು ಪೈಪಿನಿಂದ ಎಳೆದು ಹೊರಹಾಕಿದೆ. ಕೊಳೆಯುವುದಕ್ಕೂ ಆಮ್ಲಜನಕ ಬೇಕಲ್ಲ. ಲೈಟಿಗೆ ಟೈಮರ್ ಹಾಕಿ ದಿನಕ್ಕೆ 8 ಗಂಟೆ. ಏರ್ ಪಂಪ್ ರಾತ್ರಿ ಮಾತ್ರ. ಗಿಡವಿದ್ದರೆ ಪಂಪೇ ಬೇಡ ಅನ್ನುವ ಮಾತನ್ನು, ಮೀನು ಒತ್ತೊತ್ತಾಗಿರುವ ಸಣ್ಣ ಟ್ಯಾಂಕಿನ ಮಟ್ಟಿಗೆ ನಾನಂತೂ ಒಪ್ಪುವುದಿಲ್ಲ.

ಈಗ ಬೆಳಿಗ್ಗೆಯೂ ಮೀನು ಕೆಳಗೇ ಇರುತ್ತವೆ. ಹೈಡ್ರಿಲ್ಲಾ ಮಾತ್ರ ಆಗಾಗ ಕತ್ತರಿಸಬೇಕು. ಕತ್ತರಿಸಿದ್ದನ್ನು ಕೆರೆಗೆ, ಚರಂಡಿಗೆ ಎಸೆಯಬೇಡಿ. ತುಂಡು ತುಂಡೂ ಚಿಗುರುವ ಜಾತಿ ಅದು.