ಹಿಂದಿನೋರಿಗಾಗಿ ಸ್ತೋತ್ರ ಹೇಳೋಕ್ ಮುಂಚೆ ಅವ್ರು ಏನ್ ಬಿಟ್ಕೊಟ್ರು ಅಂತ ಹುಡುಕೋದು ಹೇಗೆ

ಭಾನುವಾರ ರಾತ್ರಿ ನಮ್ಮನೇಲಿ ಕುಟುಂಬ ಪ್ರಾರ್ಥನೆ, ಅದರಲ್ಲಿ ಒಂದು ಲೈನ್ ಫಿಕ್ಸು, "ಕರ್ತನೇ, ನಮ್ಮ ಪೂರ್ವಿಕರಿಗೋಸ್ಕರ ನಿನಗೆ ಸ್ತೋತ್ರ", ಅಲ್ಲಿಂದ ಸೀದಾ ಮಗಳ ಎಕ್ಸಾಮು, ಅಮ್ಮನ ಮಂಡಿನೋವು, ಆಮೆನ್. ಹೋದ ವರ್ಷ ಮಗಳು ಮಧ್ಯದಲ್ಲೇ ಕಣ್ಣು ಬಿಟ್ಟು "ಪೂರ್ವಿಕರು ಅಂದ್ರೆ ಯಾರಪ್ಪಾ, ಹೆಸರು ಹೇಳು" ಅಂದ್ಲು. ತಾತನ ಹೆಸರು ಹೇಳಿದೆ, ಮುಂದಕ್ಕೆ ಬರ್ಲಿಲ್ಲ. ಅವಮಾನ ಆಯ್ತು ಅಂತಾನೇ ಹೇಳ್ಬೇಕು. ಅದಾದ್ಮೇಲೆ ಒಂದು ವರ್ಷ ಹುಡುಕಾಡಿ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ, ಬೆಂಗಳೂರಲ್ಲಿರೋ ಕನ್ನಡ ಸಭೆಗಳವರಿಗೆ ಹೆಚ್ಚು ಉಪಯೋಗ ಆಗ್ಬಹುದು.

ಫಸ್ಟು ಮನೇಲಿರೋ ವಯಸ್ಸಾದವರ ಹತ್ರ ಹೋಗಿ, ಚರ್ಚು ಸ್ಮಶಾನ ಎಲ್ಲಾ ಆಮೇಲೆ, ಯಾಕಂದ್ರೆ ರಿಜಿಸ್ಟರು ಇನ್ನೂ ಹತ್ತು ವರ್ಷ ಇರುತ್ತೆ, ಇವ್ರು ಇರ್ತಾರೋ ಇಲ್ವೋ. ಆದ್ರೆ ನಾನು ಮಾಡಿದ ತಪ್ಪು ಮಾಡ್ಬೇಡಿ. ನಾನು ದೊಡ್ಡಮ್ಮನ ಮುಂದೆ ಫೋನ್ ರೆಕಾರ್ಡಿಂಗ್ ಆನ್ ಮಾಡಿ ಇಟ್ಟು, "ದೊಡ್ಡಮ್ಮಾ, ನಮಗೋಸ್ಕರ ನಿಮ್ಮ ಕಾಲದವ್ರು ಏನೇನು ತ್ಯಾಗ ಮಾಡಿದ್ರಿ" ಅಂತ ಟೀವಿಯವ್ರ ಥರ ಕೇಳಿದೆ. "ಏನೂ ಇಲ್ಲ ಹೋಗೋ, ಎಲ್ಲ ದೇವ್ರು ನಡ್ಸಿದ್ದು, ಕಾಫಿ ಕುಡೀತೀಯಾ" ಅಂದ್ರು. ಮುಗೀತು ಇಂಟರ್ವ್ಯೂ.

ತ್ಯಾಗ ಅನ್ನೋ ಪದಾನೇ ಬಾಯಿಗೆ ತರ್ಬೇಡಿ. ವಸ್ತು ಬಗ್ಗೆ ಕೇಳಿ. ಮನೇಲಿ ಎಷ್ಟು ಜನ ಇದ್ರು, ಕೊನೇಲಿ ಊಟಕ್ಕೆ ಕೂರ್ತಿದ್ದಿದ್ದು ಯಾರು, ಚರ್ಚಿಗೆ ಹೆಂಗೆ ಹೋಗ್ತಿದ್ರಿ, ಒಳ್ಳೆ ಸೀರೆ ಎಷ್ಟಿತ್ತು, ಸ್ಕೂಲ್ ಫೀಸು ಯಾರು ಕಟ್ಟಿದ್ರು. ಎರಡನೇ ಸಲ ಹೋದಾಗ ಅವ್ರ ಜೊತೆ ಅವರೆಕಾಯಿ ಸುಲೀತಾ ಕೂತೆ, ಕೈಗೆ ಕೆಲಸ ಇದ್ರೆ ಬಾಯಿ ತಾನಾಗೇ ಬಿಚ್ಕೊಳುತ್ತೆ, ಇದನ್ನ ಬೇಕಾದ್ರೆ ಟೆಕ್ನಿಕ್ ಅನ್ಕೊಳ್ಳಿ. ಆಗ ಬಂತು ಹಿಡಿ ಅಕ್ಕಿ ಕಥೆ.

ಹಿಡಿ ಅಕ್ಕಿ ಗೊತ್ತಲ್ವಾ, ಅನ್ನಕ್ಕೆ ಅಕ್ಕಿ ಅಳೆದಾಗೆಲ್ಲ ಹೆಂಗಸರು ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕಿ, ಅದನ್ನ ಚರ್ಚಿಗೆ ಕಾಣಿಕೆ ಅಂತ ಕೊಡೋದು. ನಮ್ಮಜ್ಜಿ ಅದಕ್ಕೆ ಒಂದು ಬೋರ್ನ್‌ವಿಟಾ ಡಬ್ಬ ಇಟ್ಟಿದ್ರು ಅಂತ ಅಮ್ಮ ಹೇಳ್ತಿದ್ರು, ನಾನು ಅದನ್ನ ಚೆಂದದ ನೆನಪು ಅಂತಷ್ಟೇ ಕೇಳಿಸ್ಕೊಂಡಿದ್ದೆ. ದೊಡ್ಡಮ್ಮ ಅವರೆಕಾಳು ಬೆರಳಲ್ಲಿ ಒತ್ತುತ್ತಾ ಹೇಳಿದ್ದು: "ರೇಷನ್ ಅಕ್ಕಿ ಕಣೋ, ಅಳತೆ ಮೇಲೆ ಅಳತೆ. ಅಮ್ಮ ಆ ಹಿಡಿ ತೆಗೀತಿದ್ದಿದ್ದು ನಮ್ಮ ಪಾಲಿಂದ ಅಲ್ಲ, ಅವಳ ಪಾಲಿಂದ. ತಪ್ಪಲೆ ಕೆರೆಯೋ ಸೌಂಡು ಬಂದ್ರೆ ಅಮ್ಮ ಊಟಕ್ಕೆ ಕೂತ್ಲು ಅಂತ ನಮಗೆ ಗೊತ್ತಾಗ್ತಿತ್ತು." ಆಮೇಲೆ ನಾನು ಏನೂ ಕೇಳ್ಲಿಲ್ಲ, ಸುಮ್ನೆ ಸುಲೀತಾ ಕೂತೆ.

ಇಲ್ಲೊಂದು ವಿಷಯ ಹೇಳ್ಲೇಬೇಕು, ನಮ್ಮ ಚರ್ಚುಗಳಲ್ಲಿ ಯಾರೂ ಹೇಳಲ್ಲ. ಎಲ್ಲಾನೂ ತ್ಯಾಗ ಅಂತ ಸೇರಿಸ್ಬಿಡಬೇಡಿ. ಅದೇ ಮಧ್ಯಾಹ್ನ ಗೊತ್ತಾಗಿದ್ದು, ದೊಡ್ಡಮ್ಮನ್ನ ಏಳನೇ ಕ್ಲಾಸಿಗೆ ಸ್ಕೂಲ್ ಬಿಡಿಸಿ ಆಯಾ ಕೆಲಸಕ್ಕೆ ಹಾಕಿದ್ರಂತೆ, ಆ ಸಂಬಳದಲ್ಲಿ ಮಾವ ಕಾಲೇಜಿಗೆ ಹೋದ್ರು, ನಮ್ಮಮ್ಮ ಟಿಸಿಎಚ್ ಅಂದ್ರೆ ಟೀಚರ್ ಟ್ರೈನಿಂಗ್ ಮಾಡಿದ್ರು, ಅಂದ್ರೆ ಇವತ್ತು ನಾನು ಎಸಿ ಆಫೀಸಲ್ಲಿ ಕೂತಿರೋದರ ಬೇರು ಅಲ್ಲಿದೆ. "ನಿಮಗೆ ಓದೋ ಆಸೆ ಇರ್ಲಿಲ್ವಾ" ಅಂದ್ರೆ "ನನ್ನ ಯಾರು ಕೇಳಿದ್ರು" ಅಂದ್ರು. ಇದು ಅವ್ರು ಕೊಟ್ಟಿದ್ದಲ್ಲ, ಅವ್ರಿಂದ ತಗೊಂಡಿದ್ದು. ಇದಕ್ಕೆ ಸ್ತೋತ್ರ ಹೇಳಿದ್ರೆ ತಗೊಂಡವ್ರ ತಪ್ಪನ್ನ ದೇವರ ಮೇಲೆ ಹಾಕ್ದಂಗೆ ಆಗುತ್ತೆ. ಇಂಥದ್ದು ಸಿಕ್ಕಾಗ ಆ ಜನ ಬದುಕಿದ್ರೆ ಮೊದಲು ಕ್ಷಮೆ ಕೇಳಿ, ಥ್ಯಾಂಕ್ಸ್ ಆಮೇಲೆ. ಅಮ್ಮ ಮುಂದಿನ ವಾರ ಮಂಡಿನೋವು ಇಟ್ಕೊಂಡೇ ಎರಡು ಬಸ್ ಬದಲಾಯಿಸಿ ದೊಡ್ಡಮ್ಮನ ಮನೆಗೆ ಹೋಗಿ ಬಂದ್ರು, ಏನ್ ಮಾತಾಡ್ಕೊಂಡ್ರು ಅಂತ ನಮಗೆ ಹೇಳಿಲ್ಲ.

ಇನ್ನು ಚರ್ಚ್ ರಿಜಿಸ್ಟರು. ಭಾನುವಾರ ಆರಾಧನೆ ಮುಗಿದ ತಕ್ಷಣ ಅಯ್ಯನೋರನ್ನ ಹಿಡ್ಕೊಂಡು ಕೇಳ್ಬೇಡಿ, ಅವತ್ತು ಅವ್ರಿಗೆ ಉಸಿರಾಡೋಕೂ ಟೈಮ್ ಇರಲ್ಲ. ವಾರದ ಮಧ್ಯೆ, ಒಂದು ಲೆಟರ್ ಬರ್ಕೊಂಡು ಹೋಗಿ, ಯಾರ ದೀಕ್ಷಾಸ್ನಾನ, ಸುಮಾರು ಯಾವ ವರ್ಷ ಅಂತ ಅದರಲ್ಲಿ ಇರ್ಲಿ. ಸಿಎಸ್‌ಐ, ಅಂದ್ರೆ ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಗಳು ಸೇರಿ ಆದ ಚರ್ಚ್ ಆಫ್ ಸೌತ್ ಇಂಡಿಯಾ, ಹುಟ್ಟಿದ್ದೇ 1947ರ ಸೆಪ್ಟೆಂಬರ್ 27ಕ್ಕೆ, ಅದಕ್ಕಿಂತ ಹಳೇದು ಬೇಕಂದ್ರೆ ನಿಮ್ಮ ಸಭೆ ಯಾವ ಮಿಷನ್‌ದು ಅಂತ ಮೊದಲು ತಿಳ್ಕೊಳ್ಳಿ. ಅವೆನ್ಯೂ ರೋಡಿನ ರೈಸ್ ಚರ್ಚ್ ಕಡೆಯವ್ರು ಲಂಡನ್ ಮಿಷನ್, ಕಾರ್ಪೊರೇಷನ್ ಹತ್ರ ಹಡ್ಸನ್ ಚರ್ಚ್ ಕಡೆಯವ್ರು ವೆಸ್ಲಿಯನ್, ಮಂಗಳೂರು ಧಾರವಾಡದಿಂದ ಬಂದವ್ರು ಹೆಚ್ಚಾಗಿ ಬಾಸೆಲ್ ಮಿಷನ್. ಮೊದಲಿನೆರಡರ ಮಿಷನ್ ಕಾಗದಪತ್ರ ಲಂಡನ್ನಿನ ಸೋಯಾಸ್ ಅನ್ನೋ ಕಾಲೇಜಿನ ಲೈಬ್ರರಿಲಿದೆ. ಬಾಸೆಲ್‌ನವರ ಹಳೇ ಫೋಟೋಗಳನ್ನ ಅವ್ರ ಆರ್ಕೈವ್ಸ್ ಆನ್‌ಲೈನಲ್ಲೇ ಹಾಕಿದೆ, ಅಲ್ಲಿ ಹುಡುಕ್ತಾ ಕೂತ್ರೆ ರಾತ್ರಿ ಎರಡಾಗುತ್ತೆ ಹುಷಾರು. ಇಲ್ಲೇ ಮಿಲ್ಲರ್ಸ್ ರೋಡಿನ ಯುಟಿಸಿ, ಅಂದ್ರೆ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಲ್ಲೂ ಆರ್ಕೈವ್ಸ್ ಇದೆ. ಹಳೇ ಪುಸ್ತಕ ಜೆರಾಕ್ಸ್ ಮೆಷಿನ್ ಮೇಲೆ ಬೋರಲು ಹಾಕಿ ಒತ್ತಬೇಡಿ, ಹೊಲಿಗೆ ಬಿಟ್ಟೋಗುತ್ತೆ, ಪರ್ಮಿಷನ್ ತಗೊಂಡು ಫ್ಲಾಶ್ ಇಲ್ದೆ ಫೋಟೋ ತೆಗೀರಿ. ಹೆಸರಿಗಿಂತ ಕಸುಬು ಬರ್ದಿದ್ರೆ ಅದನ್ನ ನೋಡಿ. ಅಡುಗೆಯವರು, ಗಾರೆ ಕೆಲಸ, ಆಯಾ ಅಂತಿದ್ರೆ ಅಲ್ಲಿಂದ ನಿಮ್ಮವರೆಗೆ ಲೆಕ್ಕ ಹಾಕ್ಕೊಂಡು ಬನ್ನಿ.

ಮನೆಯವ್ರು ಮಾತ್ರ ಅಲ್ಲ, ಹೆಸರೇ ಇಲ್ದೋರೂ ಇದಾರೆ. ಎಂ.ಜಿ. ರೋಡ್ ಕೊನೇಲಿ ಮೇಯೋ ಹಾಲ್ ಮುಂದೆ ಕಿಟ್ಟೆಲ್ ಪ್ರತಿಮೆ ಇದೆಯಲ್ಲ, 1853ರಲ್ಲಿ ಜರ್ಮನಿಯಿಂದ ಬಂದು 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಕೊಟ್ಟೋರು, ಬೇಕು ಆ ಪ್ರತಿಮೆ, ಬೇಡ ಅನ್ನಲ್ಲ. ಬೆಂಜಮಿನ್ ರೈಸ್ ಕೂಡ 1837ರಲ್ಲಿ ಬೆಂಗಳೂರಿಗೆ ಬಂದು 50 ವರ್ಷ ಇಲ್ಲೇ ಸವೆದ್ರು, ಅವ್ರ ಹೆಸರಲ್ಲಿ ಚರ್ಚೇ ಇದೆ. ಆದ್ರೆ ಇಂಥೋರಿಗೆ ಕನ್ನಡ ಕಲಿಸಿದ ಮುನ್ಶಿಗಳು, ಬಿಸಿಲಲ್ಲಿ ಹಳ್ಳಿ ಹಳ್ಳಿ ಸುತ್ತಿದ ಉಪದೇಶಿಗಳು, ಮನೆಮನೆಗೆ ಹೋಗಿ ಹೆಂಗಸರಿಗೆ ಅಕ್ಷರ ಹೇಳಿಕೊಟ್ಟ ಬೈಬಲ್ ಹೆಂಗಸರು, ಇವ್ರಿಗೆ ಯಾವ ಸರ್ಕಲ್ಲೂ ಇಲ್ಲ. ಬೈಬಲ್ಲಲ್ಲಿ ರೋಮಾಪುರದವರಿಗೆ ಬರೆದ ಪತ್ರ ಯಾರದು ಅಂದ್ರೆ ಎಲ್ರೂ ಪೌಲ ಅಂತೀವಿ, 16ನೇ ಅಧ್ಯಾಯದ 22ನೇ ವಚನದಲ್ಲಿ ಮಾತ್ರ "ಈ ಪತ್ರ ಬರೆದ ತೆರ್ತ್ಯನೆಂಬ ನಾನು" ಅಂತ ಒಬ್ಬ ಮೆಲ್ಲಗೆ ತಲೆ ಹಾಕ್ತಾನೆ, ಪೌಲ ಹೇಳ್ತಾ ಹೋದ, ಕೈ ನೋಯಿಸ್ಕೊಂಡಿದ್ದು ಇವನು. ಆ ಅಧ್ಯಾಯ ಬರೀ ಹೆಸರುಗಳು ಅಂತ ನಾವು ಸ್ಕಿಪ್ ಮಾಡ್ತೀವಿ. ಮಾಡ್ಬೇಡಿ, ಥ್ಯಾಂಕ್ಸ್ ಹೇಳೋದು ಹೇಗೆ ಅಂತ ಅಲ್ಲೇ ಇದೆ, ಯಾರು, ಏನು ಮಾಡಿದ್ರು, ಸುಮಾರು ಜನರದ್ದು ಬಿಡಿಸಿ ಹೇಳಿದಾನೆ ಪೌಲ, ರೂಫನ ತಾಯಿ "ನನಗೂ ತಾಯಿ" ಅನ್ನೋವರೆಗೂ.

ಸಮಾಧಿಗೆ ಹೋಗೋದಾದ್ರೆ ನವೆಂಬರ್ 2ರ ತನಕ ಕಾಯ್ಬೇಡಿ. ಕ್ಯಾಥೊಲಿಕ್‌ನವರ ಆಲ್ ಸೋಲ್ಸ್ ಡೇ ಅವತ್ತು, ಹೊಸೂರು ರೋಡು, ಕಲ್ಪಳ್ಳಿ ಎರಡೂ ಕಡೆ ಕಾಲಿಡೋಕೆ ಜಾಗ ಇರಲ್ಲ. ಅವ್ರು ತೀರ್ಕೊಂಡವ್ರಿಗೋಸ್ಕರ ಪ್ರಾರ್ಥನೆ ಮಾಡ್ತಾರೆ, ನಾವು ಅವ್ರ ಬಾಳಿಗಾಗಿ ದೇವರಿಗೆ ಸ್ತೋತ್ರ ಹೇಳ್ತೀವಿ, ಜಗಳ ಬೇಡ, ಗುಡಿಸೋಕೆ ಪೊರಕೆ ಒಂದೇ. ಒಂದು ವಾರ ಮುಂಚೆ ಬೆಳಗ್ಗೆ ಏಳಕ್ಕೆ ಹೋಗಿ, ಬಿಸಿಲು ಓರೆಯಾಗಿ ಬೀಳೋವಾಗ ಸವೆದ ಅಕ್ಷರ ಎದ್ದು ಕಾಣುತ್ತೆ, ಇಲ್ಲಾಂದ್ರೆ ಫೋನ್ ಟಾರ್ಚನ್ನ ಕಲ್ಲಿನ ಪಕ್ಕದಿಂದ ಹಿಡೀರಿ. ತೊಳೆಯೋಕೆ ಬರೀ ನೀರು, ತೆಂಗಿನ ನಾರು. ಆಸಿಡ್ಡು, ತಂತಿ ಬ್ರಷ್ಷು ಮುಟ್ಟಬೇಡಿ. ನಮ್ಮ ಮುತ್ತಜ್ಜನ ಕಲ್ಲಿಗೆ ಯಾರೋ ಪುಣ್ಯಾತ್ಮರು ಸುಣ್ಣ ಬಳಿಯೋವಾಗ ಅಕ್ಷರದ ಮೇಲೂ ಬಳಿದಿದ್ರು, ಅರ್ಧ ಬೆಳಗ್ಗೆ ಅದನ್ನ ಬಿಡಿಸೋದೇ ಆಯ್ತು. ವರ್ಷ ಕಂಡ್ರೆ ಗಮನಿಸಿ, 1898, 99 ಅಂದ್ರೆ ಪ್ಲೇಗ್ ಇರ್ಬಹುದು, 1918ರ ಕೊನೆ ಅಂದ್ರೆ ಇನ್‌ಫ್ಲುಯೆಂಜಾ. ಅಕ್ಕಪಕ್ಕದ ಕಲ್ಲುಗಳಲ್ಲೂ ಅದೇ ವರ್ಷ ಇದ್ರೆ ಮನೆಗೆ ಬಂದು ಕೇಳಿ, ಉಳಿದ ಮಕ್ಕಳನ್ನ ಯಾರು ಸಾಕಿದ್ರು ಅಂತ.

ಕೊನೇಗೆ ಪ್ರಾರ್ಥನೆ. ಯೋಹಾನ 4:38 ಓದ್ಕೊಳ್ಳಿ, ಬೇರೆಯವ್ರು ದುಡಿದ್ರು, ನೀವು ಅದರ ಫಲಕ್ಕೆ ಕೈ ಹಾಕಿದ್ರಿ ಅನ್ನೋ ಅರ್ಥದ್ದು, ನಮ್ಮಂಥವ್ರಿಗೇ ಹೇಳ್ದಂಗಿದೆ. ಆಮೇಲೆ ಒಂದು ವಾರಕ್ಕೆ ಒಬ್ರು ಮಾತ್ರ. ಹೆಸರು, ಅವ್ರು ಬಿಟ್ಟಿದ್ದೇನು, ಅದು ನಮಗೆ ಹೆಂಗೆ ತಲುಪ್ತು, ಇಷ್ಟೇ, ಮೂರು ವಾಕ್ಯ. ಉದ್ದ ಆದ್ರೆ ಮಕ್ಕಳು ನಿದ್ದೆ ಹೋಗ್ತಾರೆ, ಮಕ್ಕಳೇನು, ನಾನೂ ಹೋಗ್ತೀನಿ. ಹೆಸರು ಗೊತ್ತಿಲ್ದೋರಿಗೆ "ನಮ್ಮ ಊರಿಗೆ ಬಂದ ಆ ಉಪದೇಶಿ" ಅಂದ್ರೂ ಸಾಕು. ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೀರಿ, ವಾಟ್ಸಾಪಲ್ಲಿ ಹಾಕಿದ್ರೆ ಗುಡ್ ಮಾರ್ನಿಂಗ್ ಮೆಸೇಜ್ ಕೆಳಗೆ ಹೂತೋಗುತ್ತೆ. ಬರೆದಿದ್ದನ್ನ ಗೊತ್ತಿರೋರ ಮುಂದೆ ಒಂದ್ಸಲ ಓದಿ ತೋರಿಸಿ, ಇದನ್ನಂತೂ ತಪ್ಪಿಸ್ಬೇಡಿ. ಹೋದ ತಿಂಗಳು ದೊಡ್ಡಮ್ಮ ಮನೆಗೆ ಬಂದಾಗ ಮಗಳು ಅಜ್ಜಿ ಬಗ್ಗೆ ಬರೆದಿದ್ದ ಪೇಜ್ ಓದಿದ್ಲು, ಹಿಡಿ ಅಕ್ಕಿ, ಬೋರ್ನ್‌ವಿಟಾ ಡಬ್ಬ, ತಪ್ಪಲೆ ಸೌಂಡು ಎಲ್ಲ. ದೊಡ್ಡಮ್ಮ ಸೆರಗಲ್ಲಿ ಮೂಗು ಒರೆಸ್ಕೊಂಡು, "ಬೋರ್ನ್‌ವಿಟಾ ಕುಡಿಯೋ ಯೋಗ್ಯತೆ ಎಲ್ಲಿತ್ತೇ ನಮಗೆ, ಡಾಲ್ಡಾ ಡಬ್ಬ ಅದು, ಅದೂ ಪಕ್ಕದ ಮನೆಯವ್ರು ಬಿಸಾಕಿದ್ದು" ಅಂದ್ರು. ಮಗಳು ಪೆನ್ನು ತಗೊಂಡು ಅದನ್ನ ಹೊಡೆದು ಮೇಲೆ ಡಾಲ್ಡಾ ಅಂತ ಬರೆದ್ಲು.