ಗ್ರಂಥಪಾಲಕರ ಸಂಘದಲ್ಲಿ ಹುದ್ದೆ ಬೇಕಾ? ಮೊದಲು ಕೆಲಸ ಕೇಳಿ

ಹಾಸನ ಜಿಲ್ಲೆಯ ನಮ್ಮ ಕಡೆ ಹೊಸ ಗ್ರಂಥಪಾಲಕರು ಯಾರಾದರೂ "ಮೇಡಂ, ನಾನೂ ಸಂಘದಲ್ಲಿ ಏನಾದ್ರೂ ಮಾಡ್ಬೇಕು ಅಂತಿದೀನಿ" ಅಂದರೆ ನಾನು ಮೊದಲು ಕೇಳುವುದು ಒಂದೇ. ಈ ವರ್ಷದ ಸದಸ್ಯತ್ವ ಶುಲ್ಕ ಕಟ್ಟಿದ್ದೀರಾ? ಎಷ್ಟೋ ಜನಕ್ಕೆ ನೆನಪೇ ಇರುವುದಿಲ್ಲ. ಬಾಕಿ ಉಳಿಸಿಕೊಂಡವರಿಗೆ ಸಾಮಾನ್ಯವಾಗಿ ಮತ ಹಾಕುವ ಹಕ್ಕೂ ಇಲ್ಲ, ನಿಲ್ಲುವ ಹಕ್ಕೂ ಇಲ್ಲ. ಹಣ ಕಟ್ಟಿ, ರಶೀದಿ ತೆಗೆದಿಟ್ಟುಕೊಳ್ಳಿ.

ಆಮೇಲೆ ಸಂಘದ ಬೈಲಾ, ಅಂದರೆ ಸಂಘದ ಒಳನಿಯಮಗಳ ಪುಸ್ತಕ, ಕೇಳಿ. ತಮಾಷೆ ಏನೆಂದರೆ, ಊರಿಗೆಲ್ಲ ಪುಸ್ತಕ ಹುಡುಕಿಕೊಡುವ ನಮ್ಮ ಸಂಘಗಳಲ್ಲೇ ಬೈಲಾ ಯಾರ ಬೀರುವಿನಲ್ಲಿದೆ ಅಂತ ಗೊತ್ತಿರುವುದಿಲ್ಲ! ಸಂಘ ನೋಂದಣಿ ಆಗಿದ್ದರೆ ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯ ಕಡತದಲ್ಲಿ ಒಂದು ಪ್ರತಿ ಇರುತ್ತದೆ. ಅದರಲ್ಲಿ ಎಲ್ಲವನ್ನೂ ಓದಬೇಕಿಲ್ಲ. ಸಮಿತಿಯ ಅವಧಿ ಎಷ್ಟು, ಒಬ್ಬರು ಎಷ್ಟು ಸಲ ನಿಲ್ಲಬಹುದು, ಸರ್ವಸದಸ್ಯರ ಸಭೆಗೆ ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು, ಅತಿಥಿ ಗ್ರಂಥಪಾಲಕರು ಪದಾಧಿಕಾರಿ ಆಗಬಹುದಾ, ಇಷ್ಟು ನೋಡಿ. ಕೊನೆಯದು ಮುಖ್ಯ. ಕಾಯಂ ಕೆಲಸ ಇಲ್ಲದವರಿಗೆ ಹುದ್ದೆ ಇಲ್ಲ ಅಂತ ಬಾಯಿಮಾತಿನಲ್ಲಿ ಹೇಳಿಬಿಡುತ್ತಾರೆ. ಬೈಲಾದಲ್ಲಿ ಹಾಗೆ ಬರೆದಿರಲೇಬೇಕು ಅಂತೇನಿಲ್ಲ.

ಸಭೆಯಲ್ಲಿ ಎದ್ದು ನಿಂತು "ಏನಾದ್ರೂ ಸಹಾಯ ಬೇಕಾದ್ರೆ ಹೇಳಿ ಸರ್" ಅನ್ನಬೇಡಿ. ಆಯ್ತಮ್ಮ ಅಂತ ತಲೆಯಾಡಿಸಿ ಎಲ್ಲರೂ ಕಾಫಿಗೆ ಎದ್ದು ಹೋಗುತ್ತಾರೆ. ಕೆಲಸದ ಹೆಸರು ಹೇಳಿ, ದಿನಾಂಕ ಹೇಳಿ. "ಅರಸೀಕೆರೆ, ಬೇಲೂರು ತಾಲ್ಲೂಕಿನ ಸದಸ್ಯರ ಪಟ್ಟಿ ನಾನು ಸರಿ ಮಾಡ್ತೀನಿ ಸರ್, ತಿಂಗಳ ಕೊನೆಗೆ ಕೊಡ್ತೀನಿ."

ಸದಸ್ಯರ ಪಟ್ಟಿಯನ್ನೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಅದು ಯಾರಿಗೂ ಬೇಡದ ಕೆಲಸ. ನಿವೃತ್ತರಾದವರ ಹೆಸರು, ವರ್ಗವಾಗಿ ಹೋದವರ ಹಳೇ ಕಾಲೇಜು, ಚಾಲ್ತಿಯಲ್ಲಿ ಇಲ್ಲದ ನಂಬರು, ಎಲ್ಲ ಅದರಲ್ಲೇ ಇರುತ್ತದೆ. ಸರಿ ಮಾಡಬೇಕು ಅಂದರೆ ಒಬ್ಬೊಬ್ಬರಿಗೂ ಫೋನ್ ಮಾಡಬೇಕು. ಹಾಗೆ ಮಾಡಿದಾಗ ಇನ್ನೊಂದು ಪ್ರಶ್ನೆ ಸೇರಿಸಿ: ಈ ವರ್ಷ ಸಂಘದಿಂದ ನಿಮಗೆ ಏನು ಬೇಕು? ನನಗೆ ಜಾಸ್ತಿ ಸಿಕ್ಕ ಉತ್ತರ ಒಂದೇ. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಕನ್ನಡ ಪುಸ್ತಕಗಳ ಪಟ್ಟಿಯನ್ನು ಕೋಹಾ, ಇ-ಗ್ರಂಥಾಲಯದಂಥ ಗ್ರಂಥಾಲಯ ತಂತ್ರಾಂಶಕ್ಕೆ ಹಾಕಲು ಹೋದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸುವುದನ್ನು ಯಾರಾದರೂ ಕೂತು ತೋರಿಸಿಕೊಟ್ಟರೆ ಸಾಕು ಅನ್ನುತ್ತಿದ್ದರು. ಅಲ್ಲೇ ನಿಮಗೆ ಒಂದು ದಿನದ ಕಾರ್ಯಾಗಾರದ ವಿಷಯ ಸಿಕ್ಕಿತು. ಜಿಲ್ಲೆಯ ಅರ್ಧ ಜನಕ್ಕೆ ನಿಮ್ಮ ಧ್ವನಿಯ ಪರಿಚಯವೂ ಆಯಿತು. ಮುಂದೆ ಚುನಾವಣೆ ಬಂದಾಗ ಬೇರೆ ಪ್ರಚಾರ ಬೇಕಿಲ್ಲ.

ಇನ್ನೊಂದು ಮಾತು, ಹೆಣ್ಣುಮಕ್ಕಳಿಗೆ. ಆಗಸ್ಟ್ 12ರ ಗ್ರಂಥಪಾಲಕರ ದಿನಾಚರಣೆಗೋ ನವೆಂಬರ್ 14ರಿಂದ ನಡೆಯುವ ಗ್ರಂಥಾಲಯ ಸಪ್ತಾಹಕ್ಕೋ ನಿಮ್ಮನ್ನು ಕರೆದು ಪ್ರಾರ್ಥನೆ, ನಿರೂಪಣೆ, ರಂಗೋಲಿ ಕೊಡುತ್ತಾರೆ. ಒಂದು ಸಲ ಮಾಡಿ, ಪರವಾಗಿಲ್ಲ. ಎರಡನೇ ಸಲಕ್ಕೆ "ನಿರೂಪಣೆ ಬೇರೆಯವರು ಮಾಡ್ಲಿ ಸರ್, ಖರ್ಚಿನ ಲೆಕ್ಕ ನಾನು ನೋಡ್ಕೋತೀನಿ" ಅನ್ನಿ. ವೇದಿಕೆಯ ಕೆಲಸ ಫೋಟೋದಲ್ಲಿ ಉಳಿಯುತ್ತದೆ. ಲೆಕ್ಕದ ಕೆಲಸ ಮಾಡಿದವರನ್ನು ಮುಂದಿನ ಸಭೆಗೂ ಕರೆಯಲೇಬೇಕಾಗುತ್ತದೆ.

ಯಾವ ಹುದ್ದೆಗೆ ನಿಲ್ಲಬೇಕು? ಅಧ್ಯಕ್ಷಗಿರಿ ಸದ್ಯಕ್ಕೆ ಬಿಡಿ. ಶಾಲು, ಹಾರ, ಭಾಷಣ ಅಲ್ಲಿಗೆ ಹೋಗುತ್ತದೆ, ಕೆಲಸ ಕಾರ್ಯದರ್ಶಿ ಮತ್ತು ಖಜಾಂಚಿಯ ಹತ್ತಿರ ಉಳಿಯುತ್ತದೆ. ನಾವು ಫೋಟೋ ಇಟ್ಟು ಹೂ ಹಾಕುವ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರೇ 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಶುರುವಾದಾಗ ವಹಿಸಿಕೊಂಡಿದ್ದು ಕಾರ್ಯದರ್ಶಿ ಹುದ್ದೆ. ವರ್ಷಗಟ್ಟಲೆ ಅದರಲ್ಲೇ ಇದ್ದರು. 1948ರ ಮದ್ರಾಸ್ ಗ್ರಂಥಾಲಯ ಕಾಯ್ದೆಯ ಹಿಂದೆ ಆ ಸಂಘದ ದುಡಿಮೆ ಇದೆ. ನಮ್ಮ ರಾಜ್ಯದ ಕಾಯ್ದೆ ಬರಲು 1965 ಆಯಿತು.

ನನ್ನ ಸಲಹೆ ಖಜಾಂಚಿ. ದಾಖಲಾತಿ ಪುಸ್ತಕ, ಬಿಲ್ಲು, ವರ್ಷದ ಕೊನೆಯ ಸ್ಟಾಕ್ ಪರಿಶೀಲನೆ ಮಾಡುವವರಿಗೆ ಇದು ಹೊಸ ವಿದ್ಯೆಯಲ್ಲ. ಆದರೆ ಕೆಲವು ವಿಷಯದಲ್ಲಿ ಗಟ್ಟಿಯಾಗಿರಬೇಕು. ಸಂಘದ ಹಣ ಒಂದು ರೂಪಾಯಿಯೂ ನಿಮ್ಮ ಸ್ವಂತ ಫೋನ್‌ಪೇಗೆ ಬರಬಾರದು. "ಈಗ ನಿಮಗೇ ಹಾಕಿರ್ತೀನಿ ಮೇಡಂ, ಆಮೇಲೆ ನೋಡ್ಕೊಳ್ಳೋಣ" ಅನ್ನುವವರು ಇದ್ದೇ ಇರುತ್ತಾರೆ. ಸಂಘದ ಖಾತೆಯ ಕ್ಯೂಆರ್ ಕೋಡ್ ಮಾಡಿಸಿ ಮೇಜಿನ ಮೇಲಿಡಿ. ಚೆಕ್ಕಿಗೆ ಎರಡು ಸಹಿ ಇರಲಿ. ಖಾಲಿ ಚೆಕ್ಕಿಗೆ ಮುಂಚೆಯೇ ಸಹಿ ಹಾಕಿ ಕೊಡಬೇಡಿ, ಕೇಳುವವರು ಎಷ್ಟೇ ಹಿರಿಯರಾಗಿರಲಿ.

ಪ್ರಾಯೋಜಕರ ವಿಷಯ ಇನ್ನೂ ಸೂಕ್ಷ್ಮ. ಕಾರ್ಯಾಗಾರದ ಊಟಕ್ಕೆ, ಬ್ಯಾಗಿಗೆ ಪುಸ್ತಕದ ಅಂಗಡಿಯವರು ದುಡ್ಡು ಕೊಡುತ್ತಾರೆ. ನಾಳೆ ಅದೇ ಅಂಗಡಿಯ ಕೊಟೇಶನ್ ನಿಮ್ಮ ಕಾಲೇಜಿನ ಮೇಜಿಗೂ ಬರುತ್ತದೆ. ಅದಕ್ಕೇ, ಯಾರ ಹತ್ತಿರ ಎಷ್ಟು ತೆಗೆದುಕೊಂಡೆವು ಅಂತ ಸಭೆಯಲ್ಲೇ ಓದಿ, ನಡಾವಳಿಯಲ್ಲಿ ಬರೆಸಿ. ನಿಮ್ಮ ಕಾಲೇಜಿಗೆ ಪುಸ್ತಕ ಕೊಡುವವರನ್ನು ನೀವೇ ಕೇಳಲು ಹೋಗಬೇಡಿ, ಬೇರೆ ಸದಸ್ಯರು ಕೇಳಲಿ.

ನಾಮಪತ್ರಕ್ಕೆ ಮುಂಚೆ ಪ್ರಿನ್ಸಿಪಾಲರ ಹತ್ತಿರ ಮಾತಾಡಿ. ಸಭೆಗೆ ಹೋದ ದಿನಕ್ಕೆ ಓಓಡಿ (ಕಚೇರಿ ಕೆಲಸದ ಮೇಲೆ ಹೋದ ಲೆಕ್ಕ) ಸಿಗುತ್ತದಾ, ಅಥವಾ ರಜೆ ಹಾಕಬೇಕಾ ಅಂತ ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ಸರ್ಕಾರಿ ನೌಕರರಾದರೆ ನಡತೆ ನಿಯಮ ನೋಡಿ, ಬೇಕಿದ್ದರೆ ಅನುಮತಿಯನ್ನು ಲಿಖಿತವಾಗಿಯೇ ಪಡೆಯಿರಿ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ವರ್ಷವಾದರೆ ಸುಮ್ನೆ ಒಪ್ಪಿಕೊಳ್ಳಬೇಡಿ, ಎರಡೂ ಕೆಡುತ್ತವೆ. ಮನೆಯಲ್ಲೂ ಹೇಳಿ. ಎರಡನೇ ಶನಿವಾರ, ಭಾನುವಾರ ಹೋಗುವುದು ಇದಕ್ಕೇ.

ನಾಮಪತ್ರಕ್ಕೆ ಸೂಚಕರು ಒಬ್ಬರು, ಅನುಮೋದಕರು ಒಬ್ಬರು ಬೇಕು. ಇಬ್ಬರೂ ನಿಮ್ಮ ತಾಲ್ಲೂಕಿನವರೇ ಆಗುವುದು ಬೇಡ. ಸಕಲೇಶಪುರದ ಕಡೆಯವರೊಬ್ಬರು, ಚನ್ನರಾಯಪಟ್ಟಣದ ಕಡೆಯವರೊಬ್ಬರು ಇದ್ದರೆ ನೋಟವೇ ಬೇರೆ. ಜಾತಿ, ಬ್ಯಾಚ್, ಓದಿದ ವಿಶ್ವವಿದ್ಯಾಲಯ, ಈ ಲೆಕ್ಕಾಚಾರ ನಡೆಯುವುದಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ನಡೆಯುತ್ತದೆ. ಆದರೆ ಖಜಾಂಚಿ ಹುದ್ದೆಗೆ ಪೈಪೋಟಿ ಕಮ್ಮಿ, ಅವಿರೋಧ ಆಯ್ಕೆಯೇ ಜಾಸ್ತಿ. ಸ್ಪರ್ಧೆ ಆಗಿ ಸೋತರೆ ಆ ವರ್ಷದ ಒಂದು ಉಪಸಮಿತಿ ಕೇಳಿ ಪಡೆಯಿರಿ.

ಆಯ್ಕೆಯಾದ ಮೇಲೆ ಸನ್ಮಾನ ನಿಧಾನಕ್ಕೆ ಆಗಲಿ, ಮೊದಲು ಬ್ಯಾಂಕಿಗೆ ಹೋಗಿ. ಸಹಿದಾರರ ಬದಲಾವಣೆಗೆ ಸಭೆಯ ಠರಾವಿನ ಪ್ರತಿ, ಹೊಸಬರ ಆಧಾರ್, ಪ್ಯಾನ್, ಫೋಟೋ ಕೇಳುತ್ತಾರೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸರ್ವಸದಸ್ಯರ ಸಭೆ ಆದ 14 ದಿನದೊಳಗೆ ಹೊಸ ಸಮಿತಿಯ ಪಟ್ಟಿ ಮತ್ತು ಲೆಕ್ಕಪತ್ರ ನೋಂದಣಿ ಕಚೇರಿಗೆ ಸಲ್ಲಬೇಕು. ಇದನ್ನು ಬಿಟ್ಟುಬಿಟ್ಟ ಸಂಘಗಳು ಆಮೇಲೆ ದಂಡ ಕಟ್ಟಿಕೊಂಡು ಕಚೇರಿಗೆ ಅಲೆಯುತ್ತವೆ. ಇದು ಕಾರ್ಯದರ್ಶಿ ಕೆಲಸ ಅಂತ ಕೂರಬೇಡಿ, ಆಡಿಟ್ ಆದ ಲೆಕ್ಕ ಕೊಡಬೇಕಾದವರು ನೀವೇ ಅಲ್ವಾ?

ಹಳೆಯ ಖಜಾಂಚಿಯಿಂದ ವಹಿಸಿಕೊಳ್ಳುವಾಗ ಎಲ್ಲವನ್ನೂ ಪಟ್ಟಿ ಮಾಡಿ. ನಗದು ಪುಸ್ತಕ, ಬಳಸಿದ ಮತ್ತು ಬಳಸದ ರಶೀದಿ ಪುಸ್ತಕಗಳ ನಂಬರು, ವೋಚರ್ ಫೈಲು, ಪಾಸ್‌ಬುಕ್ಕು, ಉಳಿದ ಚೆಕ್ ಹಾಳೆಗಳು, ಸಂಘದ ಮೇಲ್ ಪಾಸ್‌ವರ್ಡ್. ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. "ನಮ್ಮಲ್ಲಿ ಇದೆಲ್ಲ ಯಾಕಮ್ಮ, ನಂಬಿಕೆ ಇಲ್ವಾ?" ಅಂದರೆ ನಗುತ್ತಲೇ ಪೆನ್ನು ಮುಂದೆ ಹಿಡಿಯಿರಿ. ನಿಮ್ಮ ಅವಧಿ ಮುಗಿಯುವ ವರ್ಷ ಮುಂದೆ ಬರುವವರನ್ನು ಆಡಿಟರ್ ಹತ್ತಿರ, ಬ್ಯಾಂಕಿನ ಹತ್ತಿರ ಜೊತೆಗೆ ಕರೆದುಕೊಂಡು ಹೋಗಿ. ಚುನಾವಣೆ ಮುಗಿದರೂ ಬ್ಯಾಂಕಿನಲ್ಲಿ ಸಹಿ ಬದಲಾಗುವವರೆಗೆ ಚೆಕ್ ಪುಸ್ತಕ ನಿಮ್ಮ ಬೀರುವಿನಲ್ಲೇ ಇರಲಿ, ಬೀಗ ಹಾಕಿ.